ಅತ್ತೆ ಕಾದ ನಲವತ್ತು ನಿಮಿಷ

ಶಿಶುವಿಹಾರದವರು ಹತ್ತು ನಿಮಿಷವಾದರೂ ನನ್ನ ಮೆಸೇಜು ನೋಡಿರಲಿಲ್ಲ. ಬೆಳಿಗ್ಗೆ ಮಗಳ ಮೈ ಕೊಂಚ ಬೆಚ್ಚಗಿತ್ತು. ಅಷ್ಟಕ್ಕೇ ನನಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ.

“ಆ ಫೋನನ್ನ ಹೀಗೆ ಉಜ್ಜಿದ್ರೆ ಸವೆದುಹೋಗುತ್ತೆ ಕಣೇ,” ಎಂದರು ಹುರುಳಿಕಾಯಿ ಬಿಡಿಸುತ್ತಿದ್ದ ಅತ್ತೆ.

ಅಷ್ಟರಲ್ಲಿ ‘ಆಟ ಆಡ್ತಿದ್ದಾಳೆ’ ಎಂದು ಉತ್ತರ ಬಂತು. ಆದರೂ ಸಿಡುಕಿದೆ: “ಮಗು ಹೇಗಿದೆಯೋ ಗೊತ್ತಾಗದೆ ಇರೋ ಸಂಕಟ ನಿಮಗೇನು ಗೊತ್ತು, ಅತ್ತೆ?”

ಕೇಳಬಾರದಿತ್ತು.

ಅತ್ತೆಯ ಅಜ್ಜ ಟಪಾಲು ಚೀಲ ಹೊತ್ತು ಊರಿಂದೂರಿಗೆ ಓಡಿದವರು. ಅಪ್ಪ ಸೈಕಲ್ ಮೇಲೆ ಕಾಗದ ಹಂಚಿದವರು. ಅತ್ತೆ ಇಪ್ಪತ್ತಾರು ವರ್ಷ ತಂತಿ ಕಚೇರಿಯಲ್ಲಿದ್ದವರು. ದೂರದ ಊರಿನವರು ಕುಟ್ಟಿದ ಕಟ್‌ಕಟ್ ಸದ್ದನ್ನು ಕೇಳುತ್ತಲೇ ಅಕ್ಷರವಾಗಿ ಬರೆದುಕೊಳ್ಳುವುದು ಅವರ ಕೆಲಸ. ಕುಟ್ಟುವ ರೀತಿಯಿಂದಲೇ ಆ ಕಡೆ ಕೂತವರು ಯಾರೆಂದು ತಿಳಿಯುತ್ತಿತ್ತಂತೆ. ತವರೂರಿನ ಕಚೇರಿಯ ಒಬ್ಬರು ಪದಪದಕ್ಕೂ ಚೂರು ತಡೆಯುತ್ತಿದ್ದರು. ಮುಖ ನೋಡಿರದ ಆ ಮನುಷ್ಯನಿಗೆ ಅತ್ತೆ ‘ಬಿಕ್ಕಳಿಕೆ’ ಎಂದು ಹೆಸರಿಟ್ಟಿದ್ದರು.

ನನ್ನ ಗಂಡನಿಗೆ ಆಗ ಎರಡು ವರ್ಷ. ಅತ್ತೆಗೆ ಕೆಲಸವಿದ್ದುದರಿಂದ ಮಗು ತವರೂರಿನಲ್ಲಿ ಅಜ್ಜಿಯ ಮನೆಯಲ್ಲಿತ್ತು. ಒಂದು ಮಧ್ಯಾಹ್ನ ಬಿಕ್ಕಳಿಕೆಯವರು ಕುಟ್ಟತೊಡಗಿದರು. ಅತ್ತೆ ಬರೆದುಕೊಂಡರು. ವಿಳಾಸ ಮಾವನದು. ಆಮೇಲೆ ಒಂದೊಂದೇ ಪದ: ಮಗುವಿಗೆ. ಜ್ವರ. ಪ್ರಜ್ಞೆಯಿಲ್ಲ.

“ಬರೆಯೋದು ನಿಲ್ಲಿಸಿಬಿಟ್ರಾ?” ಎಂದೆ.

“ಹೇಗೆ ನಿಲ್ಲಿಸ್ತೀಯೇ? ‘ಬೇಗ ಬನ್ನಿ’ ಅನ್ನೋದು ಇನ್ನೂ ಬಾಕಿ ಇತ್ತಲ್ಲ.”

ಪೂರ್ತಿ ಬರೆದರಂತೆ. ತಂತಿ ಬಂದ ವೇಳೆ ಬರೆದು, ಮುದ್ರೆಯೊತ್ತಿ, ಹಂಚುವವನ ಕೈಗೆ ಕೊಟ್ಟರಂತೆ. ನಾನಾಗಿದ್ದರೆ ಕಿರುಚಿಕೊಂಡು ಬೀದಿಗೆ ಓಡುತ್ತಿದ್ದೆ! ತವರೂರಿಗೆ ಅಂದು ಇದ್ದ ಬಸ್ಸು ಸಂಜೆಯದು ಒಂದೇ. ಅತ್ತೆ ವಾಪಸು ತಮ್ಮ ಕುರ್ಚಿಗೆ ಬಂದು, ಮಾಡಬಾರದ ಕೆಲಸ ಮಾಡಿದರು. ಲೈನಿನಲ್ಲಿ ಸ್ವಂತ ಮಾತು ಕುಟ್ಟಿದರು: ‘ಅದು ನನ್ನ ಮಗ. ಇದ್ದಾನಾ?’

ಆ ಕಡೆ ಸದ್ದಿಲ್ಲ.

“ಆಮೇಲೆ ಅಲ್ಲಿ ಬೇರೆ ಯಾರೋ ಕೂತು ಕುಟ್ಟೋಕೆ ಶುರು ಮಾಡಿದ್ರು. ಯಾರಿಗೋ ಮದುವೆ ಗೊತ್ತಾಯ್ತು ಅಂತ, ಯಾರೋ ರೈಲಿಗೆ ಬರ್ತಿದಾರೆ ಅಂತ. ಎಲ್ಲಾ ಬರ್ಕೊಂಡೆ. ನಲವತ್ತು ನಿಮಿಷ.”

“ಅಷ್ಟು ಹೊತ್ತು ಕೂತೇ ಇದ್ರಾ? ನೀವು ಮನುಷ್ಯರಾ, ಅತ್ತೆ?” ಬಾಯಿ ತಪ್ಪಿ ಬಂದುಬಿಟ್ಟಿತು.

ಅವರು ಬೇಸರಿಸಿಕೊಳ್ಳಲಿಲ್ಲ. “ಎದ್ರೆ ಉತ್ತರ ಯಾರು ಕೇಳಿಸ್ಕೋಬೇಕು?”

ಕೊನೆಗೆ ಮತ್ತೆ ಅದೇ ಕೈ, ಏದುಸಿರು ಬಿಡುವವರ ಹಾಗೆ: ‘ನೋಡಿ ಬಂದೆ. ಉಸಿರಿದೆ. ಡಾಕ್ಟರ್ ಪಕ್ಕದಲ್ಲಿದ್ದಾರೆ. ಹೊರಡಿ.’ ಆ ಮನುಷ್ಯ ಕುರ್ಚಿ ಬಿಟ್ಟು ವಿಳಾಸ ಹುಡುಕಿಕೊಂಡು ಮನೆಗೇ ಓಡಿದ್ದರು!

ಮಗು ಮೂರನೇ ದಿನ ಕಣ್ಣು ಬಿಟ್ಟಿತು. ಅತ್ತೆ ಅಂದೇ ಆ ಕಚೇರಿಗೆ ಹೋದರು. ಕುರ್ಚಿಯಲ್ಲಿ ಬೇರೆಯವರಿದ್ದರು. ಕೆಲಸದ ವೇಳೆಯಲ್ಲಿ ಜಾಗ ಬಿಟ್ಟದ್ದಕ್ಕೆ ಬಿಕ್ಕಳಿಕೆಯವರನ್ನು ಎಲ್ಲಿಗೋ ವರ್ಗ ಮಾಡಿದ್ದರು.

“ಹುಡುಕಲಿಲ್ವಾ?”

“ಯಾವ ಊರಿನ ಲೈನು ಬಂದ್ರೂ ಮೊದಲು ಅವರ ಕೈನೇ ಹುಡುಕ್ತಿತ್ತು ಕಿವಿ. ಸಿಗಲಿಲ್ಲ.” ಕೈಯಲ್ಲಿದ್ದ ಕಾಯಿಯನ್ನು ಹಾಗೇ ಕೆಳಗಿಟ್ಟರು. “ಹೊರಡೋ ಗಡಿಬಿಡೀಲಿ ಒಂದು ಥ್ಯಾಂಕ್ಸ್ ಕೂಡ ಕುಟ್ಟಲಿಲ್ಲ ಕಣೇ.”