ಎರಡನೇ ಭೋಂಗಾ

ಕಳೆದ ವಾರ ಮುಂಡಗೋಡದ ಸಂತೆಯಲ್ಲಿ ಕೊತ್ತಂಬರಿ ಕೊಳ್ಳಲು ಬಗ್ಗಿದವಳಿಗೆ ಚಹಾದ ಹುಲ್ಲಿನ ವಾಸನೆ ಮೂಗಿಗೆ ಬಡಿಯಿತು. ಚಿಗಳ್ಳಿ ಕಡೆಯ ಹೆಣ್ಣುಮಗಳೊಬ್ಬಳು ಸೊಪ್ಪಿನ ಪಕ್ಕದಲ್ಲಿ ಅದರ ಒಂದಷ್ಟು ಸೂಡು ಇಟ್ಟುಕೊಂಡು ಕುಳಿತಿದ್ದಳು. ನಿಂಬೆಯ ಹಾಗಿದ್ದೂ ನಿಂಬೆಯಲ್ಲದ ವಾಸನೆ. ಬೇಕೋ ಬೇಡವೋ ಎಂದು ಯೋಚಿಸದೆ ಒಂದು ಸೂಡು ತೆಗೆದುಕೊಂಡು ಚೀಲಕ್ಕೆ ಹಾಕಿದೆ. ಮನೆ ಮುಟ್ಟುವಷ್ಟರಲ್ಲಿ ಕೈಗೆಲ್ಲ ಅದೇ ವಾಸನೆ ಹತ್ತಿತ್ತು. ಅದರ ಜೊತೆಗೆ ಚಾಚಾ ಕೂಡ ನನ್ನ ಅಡುಗೆಮನೆಗೆ ಬಂದುಬಿಟ್ಟಿದ್ದರು...

ಅವತ್ತು ನಾನು ಕುಳಿತು ಬರೆಯಬೇಕಾಗಿದ್ದದ್ದು ಬೇರೆ. ಜೊಯಿಡಾದಲ್ಲಿ ಹೋಂಸ್ಟೇ ನಡೆಸುವವರ ಸಭೆಯೊಂದಿತ್ತು. ಘಟ್ಟದ ರಸ್ತೆ ಕುಸಿಯುವುದು, ಹೊಳೆ ಏರುವುದು, ಬಸ್ಸು ನಿಂತು ಜನ ಸಿಕ್ಕಿಹಾಕಿಕೊಳ್ಳುವುದು, ಹೀಗೆ ಪ್ರವಾಸದ ಅಪಾಯಗಳ ಬಗ್ಗೆ ಮಾತನಾಡಲು ನನ್ನನ್ನು ಕರೆದಿದ್ದರು. ಕಾಲೇಜಿನಲ್ಲಿ ಭೂಗೋಳ ಕಲಿಸುತ್ತಲೇ ತಲೆ ಹಣ್ಣಾದ ನನಗೆ ಇದು ಹೊಸದೇನಲ್ಲ. ಆದರೆ ಕರೆದವರು ಫೋನಿನಲ್ಲಿ ಕೊನೆಗೊಂದು ಮಾತು ಸೇರಿಸಿದ್ದರು: "ಮೇಡಂ, ಹೆದರಿಸೂ ಹಂಗ ಮಾತಾಡಬ್ಯಾಡ್ರಿ. ಸೀಸನ್ ಸುರು ಆಗೂ ಹೊತ್ತೈತಿ." ಹೆದರಿಸದೆ ಅಪಾಯದ ಬಗ್ಗೆ ಮಾತನಾಡುವುದು ಹೇಗೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ಉಪ್ಪು ಹಾಕದೆ ಉಪ್ಪಿನಕಾಯಿ ಮಾಡಿಕೊಡಿ ಅಂದ ಹಾಗಾಯಿತು. ಸಿಟ್ಟಿನಲ್ಲಿ ಹಾಳೆ ಪಕ್ಕಕ್ಕಿಟ್ಟು ಎದ್ದೆ, ಹುಲ್ಲು ಹಾಕಿ ಚಹಾ ಕುದಿಸಿದೆ.

ಚಾಚಾ ಅಂದರೆ ದಾಂಡೇಲಿಯ ಕಾಗದದ ಮಿಲ್ಲಿನ ಕ್ವಾರ್ಟರ್ಸಿನಲ್ಲಿ ನಮ್ಮ ಪಕ್ಕದ ಮನೆಯವರು. ಅಪ್ಪ ಮಿಲ್ಲಿನ ಆಫೀಸಿನಲ್ಲಿ ಗುಮಾಸ್ತ, ಚಾಚಾ ಒಳಗೆ ಯಂತ್ರಗಳ ನಡುವೆ. ಯಂತ್ರದ ಸದ್ದಿಗೆ ಅವರ ಕಿವಿ ಅರ್ಧ ಹೋಗಿತ್ತು. ಹಾಗಾಗಿ ಮನೆಯಲ್ಲೂ ಕೂಗಿಯೇ ಮಾತನಾಡುವರು. ಅವರ ಮನೆಯಲ್ಲಿ ಇವತ್ತು ಏನು ಪಲ್ಯ, ಯಾರಿಗೆ ಜ್ವರ, ಚಾಚಿಗೆ ಯಾಕೆ ಮುನಿಸು, ಎಲ್ಲವೂ ಓಣಿಗೆಲ್ಲ ಗೊತ್ತಿರುತ್ತಿತ್ತು. ಅವರಷ್ಟು ಗುಟ್ಟಿಲ್ಲದ ಮನುಷ್ಯನನ್ನು ನಾನು ಆಮೇಲೆ ನೋಡಲಿಲ್ಲ.

ದಾಂಡೇಲಿಯಲ್ಲಿ ಬೆಳೆದವರಿಗೆ ಭೋಂಗಾ ಅಂದರೇನೆಂದು ಹೇಳಬೇಕಾಗಿಲ್ಲ, ಉಳಿದವರಿಗಾಗಿ ಹೇಳುತ್ತೇನೆ. ಮಿಲ್ಲಿನಲ್ಲಿ ಪಾಳಿ ಬದಲಾಗುವಾಗ ಊದುವ ಸೈರನ್ನಿಗೆ ನಾವು ಭೋಂಗಾ ಅನ್ನುತ್ತಿದ್ದೆವು. ಬೆಳಗಿನ ಭೋಂಗಾಕ್ಕೆ ಏಳುವುದು, ಮಧ್ಯಾಹ್ನದ ಭೋಂಗಾಕ್ಕೆ ಒಲೆಯ ಮೇಲೆ ಚಹಾದ ನೀರಿಡುವುದು. ತೊಟ್ಟಿಲ ಕೂಸು ಕೂಡ ಆ ಸದ್ದಿಗೆ ಬೆಚ್ಚುತ್ತಿರಲಿಲ್ಲ. ಊರಿಂದ ಬಂದ ನೆಂಟರು ಮಾತ್ರ ಹೌಹಾರಿ ಎದ್ದು ನಿಲ್ಲುತ್ತಿದ್ದರು, ನಾವು ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದೆವು.

ಊರಲ್ಲಿ ಇನ್ನೊಂದು ಸೈರನ್ ಇತ್ತು. ಮೇಲೆ ಅಣೆಕಟ್ಟಿನಿಂದ ಕಾಳಿ ಹೊಳೆಗೆ ನೀರು ಬಿಡುವ ಮುಂಚೆ ದಂಡೆಯಲ್ಲಿರುವವರನ್ನು ಎಚ್ಚರಿಸಲು ಊದುವುದು. ಎರಡರ ಕೂಗೂ ಹೆಚ್ಚುಕಡಿಮೆ ಒಂದೇ ನಮೂನೆ. ಆದರೂ ಯಾರಿಗೂ ಗೊಂದಲ ಆಗುತ್ತಿರಲಿಲ್ಲ, ಯಾಕೆಂದರೆ ನಾವು ಅದನ್ನು ಕಿವಿಗೊಟ್ಟು ಕೇಳುತ್ತಲೇ ಇರಲಿಲ್ಲ, ಗಡಿಯಾರ ನೋಡುತ್ತಿದ್ದೆವು. ಪಾಳಿಯ ಹೊತ್ತಿಗೆ ಕೂಗಿದರೆ ಮಿಲ್ಲಿನದು, ಹೊತ್ತಲ್ಲದ ಹೊತ್ತಿಗೆ ಕೂಗಿದರೆ ಹೊಳೆಯದು. ಇಡೀ ಊರಿನ ಲೆಕ್ಕ ಇಷ್ಟೇ. ಎಷ್ಟೋ ವರ್ಷ ಈ ಲೆಕ್ಕ ತಪ್ಪಿರಲಿಲ್ಲ.

ನಿವೃತ್ತರಾದ ಮೇಲೆ ಚಾಚಾ ಹೊಳೆದಂಡೆಯಲ್ಲಿ, ಬಂಡೆಗಳು ಹರವಿಕೊಂಡಿರುವ ಕಡೆ, ಒಂದು ಚಹಾದಂಗಡಿ ಹಾಕಿದರು. ಬಿದಿರಿನ ಕಂಬ, ಮೇಲೊಂದು ತಾಡಪತ್ರಿ, ಕೂರಲು ಎರಡು ಬಾಕು. ಚಾಚಿ ಹಿತ್ತಲಲ್ಲಿ ಬೆಳೆಸಿದ ಹುಲ್ಲನ್ನು ಕತ್ತರಿಸಿ ಹಾಕಿ ಕುದಿಸುತ್ತಿದ್ದರು, ಅದರ ವಾಸನೆಗೇ ಜನ ಬರುತ್ತಿದ್ದರು. ದಾಂಡೇಲಿಗೆ ಪ್ರವಾಸಿಗಳು ಬರುವುದು ಆಗಿನ್ನೂ ಹೊಸದು. ರವಿವಾರ ಬಂದರೆ ಹುಬ್ಬಳ್ಳಿ, ಬೆಳಗಾವಿಯ ಕಡೆಯ ಕಾರುಗಳು, ಬಂಡೆಗಳ ಮೇಲೆ ಬುತ್ತಿ ಬಿಚ್ಚಿದ ಸಂಸಾರಗಳು. ಭೋಂಗಾ ಕೂಗಿದಾಗ ಅವರೆಲ್ಲ ಬೆಚ್ಚಿಬೀಳುವರು. ಅವರಿಗೆ ಧೈರ್ಯ ಹೇಳುವುದೆಂದರೆ ಚಾಚಾಗೆ ಎಲ್ಲಿಲ್ಲದ ಖುಷಿ.

"ಏನಿಲ್ಲ್ರಿ, ನಮ್ಮ ಮಿಲ್ಲಿನ ಭೋಂಗಾ. ಪಾಳಿ ಬಿಟ್ತು. ಆರಾಮ ಕುಂದರ್ರಿ."

'ನಮ್ಮ ಮಿಲ್ಲು' ಅನ್ನುವಾಗ ಅವರ ಎದೆ ಸ್ವಲ್ಪ ಮುಂದೆ ಬರುತ್ತಿತ್ತು.

ನಾನಾಗ ಧಾರವಾಡದಲ್ಲಿ ಎಂ.ಎ. ಓದುತ್ತಿದ್ದೆ, ರಜೆಗೆ ಊರಿಗೆ ಬಂದಿದ್ದೆ. ಮಳೆಗಾಲದ ಕೊನೆ, ಒಂದು ರವಿವಾರ. ದಾಂಡೇಲಿಯಲ್ಲಿ ಒಳ್ಳೆಯ ಬಿಸಿಲು ಬಿದ್ದಿತ್ತು. ಮೇಲೆ ಜೊಯಿಡಾದ ಕಾಡಿನಲ್ಲಿ ಮಾತ್ರ ಎಡೆಬಿಡದ ಮಳೆ. ಹೊಳೆಯಲ್ಲಿ ಇಳಿದವರು ತಮ್ಮ ತಲೆಯ ಮೇಲಿನ ಮುಗಿಲು ನೋಡುತ್ತಾರೆ, ನೀರು ಬರುವುದು ಬೇರೆ ಊರಿನ ಮಳೆಯಿಂದ. ಈಗ ಪ್ರತಿವರ್ಷ ಇದನ್ನು ಪಾಠದಲ್ಲಿ ಹೇಳುತ್ತೇನೆ. ಹುಡುಗರು ಬರೆದುಕೊಳ್ಳುತ್ತಾರೆ.

ಮಧ್ಯಾಹ್ನ ಭೋಂಗಾ ಕೂಗಿತು. ಅವ್ವ ಚಹಾಕ್ಕೆ ನೀರಿಟ್ಟಳು. ಅಪ್ಪ ಗೋಡೆಯ ಗಡಿಯಾರ ನೋಡಿದ. ಅದರಲ್ಲಿ ಪಾಳಿಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಗಡಿಯಾರವೇ ಹಿಂದೆ ಬಿದ್ದಿದೆ ಅಂದುಕೊಂಡು ಕುರ್ಚಿ ಹತ್ತಿ ಮುಳ್ಳನ್ನು ಮುಂದಕ್ಕೆ ತಿರುಗಿಸಿದ. ನೀರು ಕುದಿಯಿತು, ಸಕ್ಕರೆ ಬಿತ್ತು, ಹಾಲು ಬಿತ್ತು. ಅವ್ವ ಚಹಾ ಸೋಸುತ್ತಿದ್ದಾಗ ಭೋಂಗಾ ಮತ್ತೆ ಕೂಗಿತು.

"ಇದೇನು, ಇವತ್ತ ಎರಡ ಸಲ ಹೊಡದ್ರು?" ಅಂದಳು ಅವ್ವ.

ಅಪ್ಪ ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಓಡಿದ. ನಾನೂ ಬೆನ್ನಿಗೆ ಓಡಿದೆ. ಓಣಿಯ ಬಾಗಿಲು ಬಾಗಿಲಲ್ಲೂ ಜನ ಬಂದು ನಿಂತಿದ್ದರು, ಕೆಲವರ ಕೈಯಲ್ಲಿ ಇನ್ನೂ ಚಹಾದ ಕಪ್ಪು. ಎಲ್ಲರಿಗೂ ಅರ್ಥವಾಗಿತ್ತು. ಈಗ ಕೂಗಿದ್ದು ಮಿಲ್ಲಿನದು. ಹಾಗಾದರೆ ಮೊದಲು ಕೂಗಿದ್ದು...

ದಂಡೆಯಲ್ಲಿ ನಡೆದದ್ದನ್ನು ಆಮೇಲೆ ಚಾಚಾನೇ ಹೇಳಿದರು. ಬೆಳಗಾವಿ ಕಡೆಯ ಗಂಡ, ಹೆಂಡತಿ, ಸಣ್ಣ ಮಗಳು ಬಂಡೆಗಳ ಮೇಲಿದ್ದರು. ಮೊದಲ ಸಲ ಕೂಗಿದಾಗ ಹೆಂಡತಿ ಎದ್ದು ನಿಂತು, ಇದೇನೆಂದು ಚಾಚಾನನ್ನು ಕೇಳಿದ್ದಳು. ಗಡಿಯಾರದಲ್ಲಿ ಹೆಚ್ಚುಕಡಿಮೆ ಪಾಳಿಯ ಹೊತ್ತಾಗಿತ್ತು, ಚಾಚಾ ದಿನವೂ ಹೇಳುವುದನ್ನೇ ಹೇಳಿದ್ದರು. ಆಕೆ ಮತ್ತೆ ಕುಳಿತುಕೊಂಡಳು. ಎರಡನೇ ಭೋಂಗಾ ಕೇಳಿದ ಕೂಡಲೇ ಚಾಚಾ ಬಟ್ಟೆಯ ಮೇಲೆಯೇ ಹೊಳೆಗಿಳಿದರು. ಅಷ್ಟರಲ್ಲಿ ನೀರು ಕೆಂಪಾಗಿ ಏರತೊಡಗಿತ್ತು. ಮಗುವನ್ನು ಹೆಗಲಿಗೆ ಹಾಕಿಕೊಂಡು, ಆಕೆಯ ರಟ್ಟೆ ಹಿಡಿದು ದಂಡೆಗೆ ಎಳೆದುಕೊಂಡು ಬಂದರು. ಗಂಡ ಆಚೆ ಕಡೆಯ ಬಂಡೆಯ ಮೇಲೆ ಕ್ಯಾಮೆರಾ ಹಿಡಿದು ನಿಂತಿದ್ದ. ಚಾಚಾ ಅವನಿಗಾಗಿ ತಿರುಗಿ ನೋಡಿದಾಗ ಅಲ್ಲಿ ಬಂಡೆಯೇ ಇರಲಿಲ್ಲ.

ನಾವು ಹೋದಾಗ ಆಕೆ ಮಗುವನ್ನು ಅವಚಿಕೊಂಡು ಅಂಗಡಿಯ ಬಾಕಿನ ಮೇಲೆ ಕುಳಿತಿದ್ದಳು. ಒಲೆಯ ಮೇಲೆ ಚಹಾ ಬತ್ತಿ, ತಳ ಸೀದು, ಆ ಹುಲ್ಲಿನ ವಾಸನೆ ದಂಡೆಯ ತುಂಬ ಇತ್ತು. ಚಾಚಾ ತೊಯ್ದ ಬಟ್ಟೆಯಲ್ಲಿ ಎದುರಿಗೆ ನಿಂತಿದ್ದರು. ಆಕೆ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಚಾಚಾನ ಮುಖ ನೋಡಿ ಒಂದೇ ಮಾತು ಅಂದಳು: "ನೀವು ಆರಾಮ ಕುಂದರ್ರಿ ಅಂದ್ರಿ..."

ಆ ಮಾತಿನಲ್ಲಿ ಸಿಟ್ಟಿದ್ದರೆ ಚಾಚಾ ಬದುಕಿಕೊಳ್ಳುತ್ತಿದ್ದರೇನೋ. ಮರುದಿನ ತಾವಾಗಿ ಪೊಲೀಸ್ ಠಾಣೆಗೆ ಹೋಗಿ, ನಾನೇ ಕೂರಿಸಿದವನು ಅಂದರು. ಅಲ್ಲಿಯವರು, "ಸೈರನ್ ಹೊಡದಿದ್ರು ಚಾಚಾ, ಅದರಾಗ ನಿಮ್ಮದೇನ ತಪ್ಪೈತಿ? ಮನಿಗೆ ಹೋಗ್ರಿ" ಎಂದು ಚಹಾ ಕುಡಿಸಿ ಕಳಿಸಿದರು. ಇಡೀ ಊರು ಅದೇ ಮಾತು ಅಂದಿತು. ಊರು ಬೇರೆ ಏನು ತಾನೇ ಅನ್ನಬೇಕಿತ್ತು? ಅವತ್ತು ಮೊದಲ ಕೂಗಿಗೆ ಊರಿಗೆ ಊರೇ ಚಹಾಕ್ಕೆ ನೀರಿಟ್ಟಿತ್ತು.

ಅಲ್ಲಿಂದ ಮುಂದೆ ಹಗಲಲ್ಲಿ ಯಾವ ಭೋಂಗಾ ಕೂಗಲಿ, ಮಿಲ್ಲಿನದೇ ಇರಲಿ ಹೊಳೆಯದೇ ಇರಲಿ, ಚಾಚಾ ಸ್ಟೀಲಿನ ತಾಟೊಂದನ್ನು ಸೌಟಿನಿಂದ ಬಡಿಯುತ್ತ ದಂಡೆಯುದ್ದಕ್ಕೂ ಓಡುತ್ತಿದ್ದರು. "ಮ್ಯಾಲ ಬರ್ರಿ! ನೀರು ಬರ್ತೈತಿ, ಮ್ಯಾಲ ಬರ್ರಿ!" ಮೊದಮೊದಲು ಜನ ಎದ್ದೂ ಬಿದ್ದೂ ಓಡಿಬರುತ್ತಿದ್ದರು. ಬಂದು ನಿಂತು ನೋಡಿದರೆ ಹೊಳೆ ಇದ್ದ ಹಾಗೇ ಇರುತ್ತಿತ್ತು. ಕೆಲವರು ನಗುವರು, ಕೆಲವರು ಬೈಯುವರು. ರಬ್ಬರ್ ದೋಣಿ ನಡೆಸುವ ಹುಡುಗರು ಅವರನ್ನೇ 'ಮೂರನೇ ಭೋಂಗಾ' ಎಂದು ಕರೆಯತೊಡಗಿದರು. ಹತ್ತಿರದಲ್ಲಿ ತಲೆಯೆತ್ತಿದ ರೆಸಾರ್ಟಿನವರು ಬಂದು, ನಮ್ಮ ಗಿರಾಕಿಗಳು ಹೆದರಿ ಹೋಗ್ತಾರೆ ಎಂದು ಸಮಾಧಾನದಿಂದಲೇ ಹೇಳಿ ನೋಡಿದರು. ಆಮೇಲೆ ಅಂಗಡಿ ಎತ್ತಿಸಿದರು. ಚಾಚಾ ಚಹಾ ಮಾರುವುದನ್ನು ಬಿಟ್ಟರು, ತಾಟು ಬಡಿಯುವುದನ್ನು ಬಿಡಲಿಲ್ಲ.

ನಾನು ಅವರೊಂದಿಗೆ ಜಗಳವಾಡಿದ್ದೇನೆ. ಆಗ ಕೆಲಸಕ್ಕೆ ಸೇರಿ ಒಂದಷ್ಟು ವರ್ಷವಾಗಿತ್ತು, ಅಪಾಯ, ಎಚ್ಚರಿಕೆ ಎಂದೆಲ್ಲ ಪಾಠ ಮಾಡುತ್ತಿದ್ದೆ. "ಚಾಚಾ, ದಿನಾ ಸುಮ್ಮಸುಮ್ಮನ ಕೂಗಿದ್ರ ಖರೇ ನೀರು ಬಂದಾಗ ಯಾರೂ ಏಳಂಗಿಲ್ಲ. ಪಾಳಿ ಹೊತ್ತಿಂದರ ಬಿಡ್ರಿ. ಗಡಿಯಾರ ನೋಡ್ರಿ."

"ಅವತ್ತೂ ಗಡಿಯಾರ ನೋಡೇ ಹೇಳಿದ್ದೆ, ಬೇಟಾ" ಅಂದರು. ಅವರು ಮೆತ್ತಗೆ ಮಾತನಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

ನನ್ನ ಮಾತೇನೂ ಸುಳ್ಳಾಗಿರಲಿಲ್ಲ. ಒಂದು ಮಳೆಗಾಲದಲ್ಲಿ ಹೊತ್ತಲ್ಲದ ಹೊತ್ತಿಗೆ ಸೈರನ್ ಕೂಗಿ, ಚಾಚಾ ಗಂಟಲು ಹರಿಯುವ ಹಾಗೆ ಕೂಗಿದರೂ ಜನ ನಗುತ್ತ ನೀರಲ್ಲೇ ಕುಳಿತರು. ದೋಣಿಯ ಹುಡುಗರು ಇಳಿದು ಒಬ್ಬೊಬ್ಬರನ್ನೇ ದಬ್ಬಿಕೊಂಡು ಮೇಲೆ ತಂದರು. ಯಾರಿಗೂ ಏನೂ ಆಗಲಿಲ್ಲ, ದೊಡ್ಡ ಪುಣ್ಯ. ನನ್ನ ಮಾತು ನಿಜವಾಯಿತೆಂದು ನನಗೇನೂ ಸಂತೋಷವಾಗಲಿಲ್ಲ. ಸುಮ್ಮನಿದ್ದರೂ ಜನ ಸಾಯುತ್ತಾರೆ, ಸದಾ ಕೂಗಿದರೂ ಸಾಯುತ್ತಾರೆ ಅನ್ನುವುದಾದರೆ ಆ ಮನುಷ್ಯ ಮಾಡಬೇಕಾಗಿದ್ದಾದರೂ ಏನು? ಈ ಗಂಟು ನನ್ನಿಂದ ಇನ್ನೂ ಬಿಡಿಸಲಾಗಿಲ್ಲ.

ಲಾಕ್‌ಡೌನ್ ಬಂದಾಗ ಕಾರುಗಳು ನಿಂತವು, ರೆಸಾರ್ಟಿನ ಗೇಟಿಗೆ ಬೀಗ ಬಿತ್ತು. ನಾನು ಮುಂಡಗೋಡದಿಂದ ಫೋನ್ ಮಾಡಿದರೆ ಚಾಚಿ ಹೇಳಿದರು: "ಅಲ್ಲಿ ಮಂಗ್ಯಾ ಬಿಟ್ರ ಒಂದು ನರಪಿಳ್ಳೆ ಇಲ್ಲ. ಆದ್ರೂ ಭೋಂಗಾ ಆತಂದ್ರ ಹೋಗಿ ತಾಟು ಬಾರಿಸಿ ಬರ್ತಾರ. ನಾ ಏನ್ ಹೇಳ್ಲವ್ವಾ?" ಖಾಲಿ ಬಂಡೆಗಳ ಎದುರು ನಿಂತು ಮುದುಕರೊಬ್ಬರು ಮೇಲೆ ಬನ್ನಿ, ಮೇಲೆ ಬನ್ನಿ ಎಂದು ಕೂಗುವುದು... ಯಾರನ್ನು ಕರೆಯುತ್ತಿದ್ದರೆಂದು ನನಗೆ ಗೊತ್ತು. ಆ ಕಾಲದಲ್ಲೇ ಜ್ವರ ಬಂದು ತೀರಿಕೊಂಡರು. ಬಸ್ಸಿಲ್ಲ, ದಾರಿಯಲ್ಲಿ ಪೊಲೀಸರು ಬಿಡುತ್ತಿರಲಿಲ್ಲ. ಮಣ್ಣಿಗೆ ಹೋಗಲಾಗಲಿಲ್ಲ. ಆ ದುಃಖ ಇನ್ನೂ ಹಾಗೇ ಇದೆ.

ಮೊನ್ನೆ ಜೊಯಿಡಾದ ಸಭೆಯಲ್ಲಿ ನಾನು ಹೆದರಿಸುವ ಹಾಗೆಯೇ ಮಾತನಾಡಿದೆ. ಚಪ್ಪಾಳೆ ಸ್ವಲ್ಪ ಕಡಿಮೆ ಬಿತ್ತು. ಬರುವಾಗ ದಾಂಡೇಲಿಯಲ್ಲಿ ಇಳಿದು ಹೊಳೆಗೆ ಹೋದೆ. ಚೀಲದಲ್ಲಿ ಸಂತೆಯ ಹುಲ್ಲಿತ್ತು. ಚಾಚಿ ಈಗ ಹಳಿಯಾಳದಲ್ಲಿ ಮಗಳ ಮನೆಯಲ್ಲಿದ್ದಾರೆ, ಅವರಿಗೆ ಕೊಡೋಣವೆಂದು ಉಳಿಸಿದ್ದೆ. ದಂಡೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಣ್ಣಬಣ್ಣದ ದೋಣಿ, ಎಲ್ಲಿಂದಲೋ ಧ್ವನಿವರ್ಧಕದ ಹಾಡು, ಬಂಡೆ ಬಂಡೆಯ ಮೇಲೂ ಜನ.

ಆಗ ಭೋಂಗಾ ಕೂಗಿತು. ಮಿಲ್ಲಿನ ಊರಲ್ಲಿ ಬೆಳೆದ ನನ್ನ ಕಣ್ಣು ತಾನಾಗಿ ಕೈಗಡಿಯಾರಕ್ಕೆ ಹೋಯಿತು. ಸರಿಯಾಗಿ ಪಾಳಿಯ ಹೊತ್ತು. ಲೆಕ್ಕದ ಪ್ರಕಾರ ಅದು ಮಿಲ್ಲಿನದೇ. ಸುಮ್ಮನೆ ಕೂರಬಹುದಿತ್ತು, ಕೂರಲಾಗಲಿಲ್ಲ. ಪಕ್ಕದ ಚುರಮುರಿ ಅಂಗಡಿಯವನ ತಾಟು ಕಸಿದುಕೊಂಡು, ಅವನದೇ ಸೌಟಿನಿಂದ ಬಡಿಯುತ್ತ ಕೂಗಿದೆ. ನನ್ನ ವಿದ್ಯಾರ್ಥಿಗಳು ನೋಡಿದ್ದರೆ ಏನನ್ನುತ್ತಿದ್ದರೋ. ಪಡ್ಡೆ ಹುಡುಗರು ಫೋನು ಎತ್ತಿ ನನ್ನ ವಿಡಿಯೋ ಮಾಡಿದರು. ಒಬ್ಬಳು ತಾಯಿ ಮಾತ್ರ ಮಗುವನ್ನು ಎತ್ತಿಕೊಂಡು ಏದುಸಿರು ಬಿಡುತ್ತ ಮೇಲೆ ಬಂದಳು. ಇಬ್ಬರೂ ಹೊಳೆ ನೋಡುತ್ತ ನಿಂತೆವು. ನೀರು ಬರಲಿಲ್ಲ.

"ಏನೂ ಆಗಲಿಲ್ಲಲ್ರಿ?" ಅಂದಳು.

"ಇಲ್ರಿ. ಮಿಲ್ಲಿನ ಭೋಂಗಾ" ಅಂದೆ. ಆಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, ಮಗುವನ್ನು ಇಳಿಸಿ, ಮತ್ತೆ ಬಂಡೆಗಳ ಕಡೆ ನಡೆದಳು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಭಯವಾಯಿತು.

ಸಂಜೆ ಹಳಿಯಾಳದಲ್ಲಿ ಚಾಚಿಯ ಮಗಳು ಆ ಹುಲ್ಲು ಹಾಕಿ ಚಹಾ ಮಾಡಿದಳು. ಚಾಚಿ ಚಹಾದ ಬಸಿಯನ್ನು ಮೂಗಿನ ಹತ್ತಿರ ಹಿಡಿದುಕೊಂಡು ಬಹಳ ಹೊತ್ತು ಕುಳಿತಿದ್ದರು, ಕುಡಿಯಲಿಲ್ಲ. ಆಮೇಲೆ ಕೇಳಿದರು: "ಹೊಳೀಗೆ ಹೋಗಿದ್ದೇನವ್ವಾ? ಭೋಂಗಾ ಆದಾಗ ಯಾರರ ಕೂಗಿದ್ರೇನು?"

"ಹೂಂ ಚಾಚಿ, ಕೂಗಿದ್ರು."

"ಎಲ್ಲಾರೂ ಮ್ಯಾಲ ಬಂದ್ರಾ?"

"ಬಂದ್ರು ಚಾಚಿ" ಅಂದೆ, "ಎಲ್ಲಾರೂ ಬಂದ್ರು."

ಚಾಚಿ ತಲೆಯಾಡಿಸಿ, ಆರಿಹೋಗಿದ್ದ ಚಹಾ ಕುಡಿದರು.