ಐವತ್ತನೆಯ ಪಡೆಯ ಹಿತ್ತಾಳೆ ಗುಂಡಿ

ರೋವನ್ ಟಿಕ್ನರ್ ವಾರದಲ್ಲಿ ಐದು ದಿನ ಮೇಡ್‌ಸ್ಟನ್ ಪಟ್ಟಣದ ಗೋದಾಮೊಂದರಲ್ಲಿ ಪಾರ್ಸೆಲ್ಲುಗಳಿಗೆ ಚೀಟಿ ಅಂಟಿಸುತ್ತಿದ್ದ. ಆರನೆಯ ದಿನ ಮಣ್ಣಲ್ಲಿ ಸಿಕ್ಕಿದ್ದಕ್ಕೆಲ್ಲ ಹೆಸರು ಅಂಟಿಸುತ್ತಿದ್ದ. ಮೊದಲನೆಯದಕ್ಕೆ ಸಂಬಳವಿತ್ತು, ಎರಡನೆಯದರಲ್ಲಿ ತಪ್ಪು ಹೆಚ್ಚಿತ್ತು. ಬಾಟಲಿಯ ಮುಚ್ಚಳವೊಂದನ್ನು ರೋಮನ್ ನಾಣ್ಯವೆಂದು, ಅವನಂತೆ ಹಳೇ ಲೋಹ ಹುಡುಕುವವರ ಕ್ಲಬ್ಬಿನ ಮೇಜಿನ ಮೇಲಿಟ್ಟ ದಿನದಿಂದ ಅಲ್ಲಿ ಎಲ್ಲರೂ ಅವನನ್ನು ಸೀಸರ್ ಎನ್ನುತ್ತಿದ್ದರು. ಅವನೂ ಓಗೊಡುತ್ತಿದ್ದ; ಬೇರೆ ಪದವಿ ಸಿಗುವ ಲಕ್ಷಣವಿರಲಿಲ್ಲ.

ಒಡೆಯರ ಒಪ್ಪಿಗೆಯಿಲ್ಲದೆ ಹೊಲಕ್ಕೆ ಲೋಹಶೋಧಕ ಯಂತ್ರ ಒಯ್ಯುವಂತಿಲ್ಲ. ಒಂಬತ್ತು ಮಂದಿ ಬಾಗಿಲಲ್ಲೇ ಇಲ್ಲವೆಂದಿದ್ದರು. ಹತ್ತನೆಯವರು ಎಂಬತ್ತು ದಾಟಿದ ಮಿಸೆಸ್ ಹೋನೆಸ್. ಹಿಂದೆ ಬಿಯರಿಗೆ ಕಹಿ ಕೊಡುವ ಹಾಪ್ ಬಳ್ಳಿ ಬೆಳೆಯುತ್ತಿದ್ದ ಹೊಲವನ್ನು ತೋರಿಸಿ, "ಒಂದು ತಿಂಗಳು ನೋಡೋಣ" ಎಂದಿದ್ದರು.

ಮೂರನೆಯ ಶನಿವಾರ ಹಿತ್ತಾಳೆ ಗುಂಡಿಯೊಂದು ಸಿಕ್ಕಿತು. ಮುಖದ ಮೇಲೆ ೫೦ ಎಂಬ ಅಂಕಿ.

"ಐವತ್ತನೇ ಪಡೆ," ಎಂದರು ಮಿಸೆಸ್ ಹೋನೆಸ್, ಕನ್ನಡಕ ಏರಿಸಿ. "ನಮ್ಮ ಮನೆ ಹಿರೀಕ ಥಾಮಸ್ ಅದರಲ್ಲೇ ಇದ್ದದ್ದು, ಮರಿ. ಸ್ಪೇನಲ್ಲಿ ನೆಪೋಲಿಯನ್ ಸೈನ್ಯದ ವಿರುದ್ಧ ಹೊಡೆದಾಡಿ ಬಂದೋನು."

"ಅವರದ್ದೇ ಇರಬೇಕು," ಎಂದ ರೋವನ್. ಚಹಾ ಆರುವಷ್ಟರಲ್ಲಿ ಆ 'ಇರಬೇಕು' ಎಲ್ಲೋ ಉದುರಿಹೋಗಿತ್ತು. ಮಡಿದ ಸಿಪಾಯಿಗಳನ್ನು ನೆನೆಯುವ ನವೆಂಬರಿನ ಭಾನುವಾರ ಗುಂಡಿಯನ್ನು ಚರ್ಚಿನ ಗಾಜಿನ ಪೆಟ್ಟಿಗೆಯಲ್ಲಿ ಇಡುವುದೆಂದಾಯಿತು. ಹೊಲದಲ್ಲಿ ಹುಡುಕುವ ಹಕ್ಕು ಇನ್ನು ಅವನದೇ. "ನಾನಿರೋವರೆಗೂ" ಎಂದು ಮಿಸೆಸ್ ಹೋನೆಸ್ ಮಾತು ಕೊಟ್ಟರು. ಅಂದಿನಿಂದ ಶನಿವಾರದ ಚಹಾ ಅವರ ಅಡುಗೆಮನೆಯಲ್ಲಿ, ಶುಂಠಿ ಬಿಸ್ಕತ್ತಿನ ಸಮೇತ.

ಆಮೇಲೆ ಹೊಲದ ಅದೇ ಭಾಗದಲ್ಲಿ ಇನ್ನೂ ಹತ್ತು ಗುಂಡಿಗಳು ಎದ್ದವು. ಒಂದರ ಮೇಲೆ ಲಂಗರು, ಒಂದರ ಮೇಲೆ ಫಿರಂಗಿ, ಉಳಿದವುಗಳಲ್ಲಿ ಬೇರೆಬೇರೆ ಅಂಕಿ. ಗುರುವಾರ ಅವನ್ನು ಕ್ಲಬ್ಬಿಗೆ ಒಯ್ದ. ನಿವೃತ್ತ ಅಂಚೆಯವ ಲೆನ್ ಬಸ್‌ಬ್ರಿಜ್ ಒಂದೊಂದನ್ನೂ ಬೋರಲು ಹಾಕಿ ನೋಡಿದ.

"ಆ ಐವತ್ತರ ಬೆನ್ನು ನೋಡಿದ್ಯಾ, ಸೀಸರ್?"

"ಮಣ್ಣು ಮೆತ್ತಿತ್ತು. ಉಜ್ಜಬಾರದು ಅಂತ ನೀನೇ ಹೇಳಿದ್ದಲ್ವಾ?"

"ಉಜ್ಜಬೇಡ ಅಂದೆ, ಓದಬೇಡ ಅನ್ನಲಿಲ್ಲ. ನಿನ್ನ ಥಾಮಸ್ ಸತ್ತದ್ದು ಯಾವಾಗ?"

"ಸಾವಿರದೆಂಟುನೂರ ನಲವತ್ತೊಂದು. ಗೋರಿ ಮೇಲಿದೆ."

"ಅಧಿಕಾರಿಯಾಗಿದ್ನಾ?"

"ಬರೀ ಸಿಪಾಯಿ."

"ಆಗಿನ ಸಿಪಾಯಿಗೆ ತವರದ ಗುಂಡಿ. ಹಿತ್ತಾಳೇದು, ಬೆನ್ನ ಮೇಲೆ ತಯಾರಕನ ಹೆಸರಿರೋದು, ಬಂದಿದ್ದು ಸಾವಿರದೆಂಟುನೂರ ಐವತ್ತೈದರಲ್ಲಿ. ಅಂದ್ರೆ ಸತ್ತು ಹದಿನಾಲ್ಕು ವರ್ಷ ಆದ್ಮೇಲೆ ಎದ್ದು ಬಂದು ಗುಂಡಿ ಕಳ್ಕೊಂಡಿದ್ದಾನೆ, ಪಾಪ." ಲೆನ್ ಮಿಸೆಸ್ ಹೋನೆಸ್ ಬಳಿಯಿದ್ದ ಹನ್ನೊಂದನೆಯದರ ಜಾಗ ಬಿಟ್ಟು ಹತ್ತನ್ನೂ ಸಾಲಾಗಿ ಇಟ್ಟ. "ಒಂದೇ ಪಡೇದಾದ್ರೆ ಸಿಪಾಯಿ ನಡೆದ ಅನ್ನು. ಇಷ್ಟು ಪಡೇದು ಒಂದೇ ಕಡೆ ಇದ್ರೆ ಅಲ್ಲಿ ಚಿಂದಿ ಗಾಡಿ ನಡೆದಿದೆ."

ಹಾಪ್ ಬೆಳೆಗಾರರು ಉಣ್ಣೆಯ ಚಿಂದಿಯನ್ನು ಗೊಬ್ಬರವಾಗಿ ಹಾಕುತ್ತಿದ್ದರು. ಸೈನ್ಯ ಬಿಸಾಡಿದ ಕೋಟುಗಳು ಲಂಡನ್ನಿನಿಂದ ಹೇರಿಕೊಂಡು ಬರುತ್ತಿದ್ದವು. ಬಟ್ಟೆ ಕೊಳೆಯಿತು, ಗುಂಡಿ ಉಳಿಯಿತು.

ಗಾಜಿನೊಳಗಿನ ಗುಂಡಿಯ ಬೆನ್ನನ್ನು ಯಾರೂ ಓದಲಾರರು. ರೋವನ್‌ನ ಈ ಸಮಾಧಾನ ಶುಕ್ರವಾರ ಸಂಜೆಯವರೆಗೆ ಚೆನ್ನಾಗಿಯೇ ನಡೆಯಿತು. ಆದರೆ ಚೀಟಿ ತಪ್ಪಾದ ಪಾರ್ಸೆಲ್ ಒಂದಲ್ಲ ಒಂದು ದಿನ ವಾಪಸು ಬರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ.

ಶನಿವಾರ ಅಡುಗೆಮನೆಯ ಮೇಜಿನ ಮೇಲೆ ಗುಂಡಿಯಿತ್ತು, ಪಕ್ಕದಲ್ಲಿ ದುಂಡಕ್ಷರದಲ್ಲಿ ಬರೆದ ಕಾರ್ಡು: ಸಿಪಾಯಿ ಥಾಮಸ್ ಹೋನೆಸ್‌ನದು. ರೋವನ್ ಹಲ್ಲುಕಡ್ಡಿಯಿಂದ ಮಣ್ಣು ಬಿಡಿಸಿದ. ಬೆನ್ನಿನ ಮೇಲೆ ತಯಾರಕನ ಹೆಸರು ಮೂಡಿತು. ಇದ್ದದ್ದನ್ನೆಲ್ಲ ಹೇಳಿದ.

ಮಿಸೆಸ್ ಹೋನೆಸ್ ಕನ್ನಡಕ ಏರಿಸಿ ಆ ಹೆಸರನ್ನು ಓದಿದರು. "ನಮ್ಮ ಮಾವನೂ ಚಿಂದಿ ಹಾಕಿಸ್ತಿದ್ರು. ನಾತ ಅಂದ್ರೆ ನಾತ. ಇದು ಅದರದ್ದು ಅಂತ ಹೊಳೀಲೇ ಇಲ್ಲ." ಆಮೇಲೆ ಕೇಳಿದರು: "ನಿಂಗೆ ಮೊದಲೇ ಗೊತ್ತಿತ್ತಾ?"

"ಇಲ್ಲ. ಗೊತ್ತಿರೋರ ಥರ ಮಾತಾಡಿದೆ."

"ಗೊಬ್ಬರಾನ ಚರ್ಚಲ್ಲಿ ಇಡ್ತಿದ್ದೆ ನಾನು." ಅವರು ಕಾರ್ಡನ್ನು ಡ್ರಾಯರಿಗೆ ಹಾಕಿದರು. "ಹೋಗ್ತಾ ಗೇಟ್ ಹಾಕ್ಕೊಂಡು ಹೋಗು."

ಅದು ಅಂದಿನ ಮಟ್ಟಿಗೋ ಶಾಶ್ವತಕ್ಕೋ ಅವನಿಗೆ ತಿಳಿಯಲಿಲ್ಲ. ಕೇಳುವ ಧೈರ್ಯವೂ ಬರಲಿಲ್ಲ. ಮುಂದಿನ ಶನಿವಾರ ಗೇಟನ್ನು ಮೆಲ್ಲಗೆ ತಳ್ಳಿ ನೋಡಿದ. ತೆರೆಯಿತು. ಹನ್ನೊಂದು ಗಂಟೆಗೆ ಹೊಲದಂಚಿನ ಗೋಡೆಯ ಮೇಲೆ ಚಹಾ ಹಬೆಯಾಡುತ್ತಿತ್ತು. ಅಡುಗೆಮನೆಯ ಬಾಗಿಲು ಮುಚ್ಚಿತ್ತು. ಬಿಸ್ಕತ್ತು ಇರಲಿಲ್ಲ.