ನಡುವಿನ ಡಬ್ಬಿ ಮಾತಾಡದಿದ್ದಾಗ

ಈ ಸಂಗತಿಯನ್ನು ನಮ್ಮ ಮನೆಯ ನಾಲ್ವರೂ ನಾಲ್ಕು ರೀತಿ ಹೇಳುತ್ತಾರೆ. ಅಪ್ಪ ಹೇಳುವಾಗ ಅದರಲ್ಲಿ ಅಪ್ಪ ಇರುವುದೇ ಇಲ್ಲ. ನಾನು ಹೇಳುವಾಗ ದೋಷ ಕಂಡುಹಿಡಿದವನು ನಾನು. ಹಾಗಾಗಿ ನನ್ನನ್ನು ಅರ್ಧ ನಂಬಿದರೆ ಸಾಕು. ಮಾತುಗಳೆಲ್ಲ ನಡೆದದ್ದು ತುಳುವಿನಲ್ಲಿ. ಕನ್ನಡಕ್ಕೆ ಬರುವಾಗ ಬೈಗುಳಗಳು ಸ್ವಲ್ಪ ಸಭ್ಯವಾಗಿವೆ.

ಕಾರ್ಕಳದ ಅಕ್ಕ ಹೊಸ ಹೋಂ ಥಿಯೇಟರ್ ತೆಗೆದುಕೊಂಡಾಗ ಹಳೆಯದು ಕಾಪುವಿನ ನಮ್ಮ ಮನೆಗೆ ಬಂತು. ಟಿವಿಯ ಎಡಬಲಕ್ಕೆ ಒಂದೊಂದು ಸ್ಪೀಕರ್, ಸೋಫಾದ ಹಿಂದೆ ಎರಡು, ಮೂಲೆಯಲ್ಲಿ ಗುಡುಗುಡು ಎನ್ನುವ ದೊಡ್ಡದೊಂದು, ಟಿವಿಯ ಕೆಳಗೆ ಅಡ್ಡ ಮಲಗಿದ ಉದ್ದನೆಯದೊಂದು. ಅಮ್ಮನ ಬಾಯಲ್ಲಿ ಎಲ್ಲವೂ ಡಬ್ಬಿಗಳೇ. ‘ಸರೌಂಡ್’ ಗುಂಡಿ ಒತ್ತಿದರೆ ಮಾತ್ರ ಅಷ್ಟೂ ಡಬ್ಬಿಗಳು ದುಡಿಯುತ್ತವೆ ಎಂದು ಗೊತ್ತಾದ ದಿನದಿಂದ ಅಪ್ಪ ಆ ಗುಂಡಿಯನ್ನು ಬೇರೆಯವರಿಗೆ ಮುಟ್ಟಲು ಬಿಟ್ಟಿಲ್ಲ. ಮನೆಗೆ ಬಂದ ಮೇಲೆ ಯಾವುದೂ ಸುಮ್ಮನೆ ಕೂರಬಾರದು. ನಮ್ಮ ವಿಷಯದಲ್ಲೂ ಅವರ ನಿಲುವು ಅದೇ.

ಗುಡುಗು ಕೇಳಿದೊಡನೆ ಪ್ಲಗ್ ಎಳೆಯುವುದು ನಮ್ಮ ಕಡೆ ಎಲ್ಲರ ಮನೆಯ ಪದ್ಧತಿ. ಅಪ್ಪ ಪ್ಲಗ್ಗಿಗೆ ನಿಲ್ಲುವವರಲ್ಲ. ಅಮ್ಮ ಅಡಿಗೆಮನೆಯಿಂದ “ಕಾರ್ಕಳದ ಕಡೆ ಗುಡುಗಿತು” ಎಂದು ಕೂಗಬೇಕು. ಅಪ್ಪ ಟಿವಿ, ಫ್ರಿಜ್, ಮೊಬೈಲ್ ಚಾರ್ಜರ್ ಎಲ್ಲ ಮುಗಿಸಿ, ಶೋಕೇಸಿನ ಹಿಂದೆ ಕೈ ಹಾಕಿ ಸ್ಪೀಕರಿನ ವಯರುಗಳನ್ನೂ ಕಿತ್ತುಬಿಡುತ್ತಾರೆ; ಮಳೆ ನಿಂತ ಮೇಲೆ ಮತ್ತೆ ಸಿಕ್ಕಿಸುವವರೂ ಅವರೇ. ಸಿಡಿಲಿಗೆ ಯಾವ ವಯರು ಎಲ್ಲಿಗೆ ಹೋಗುತ್ತದೆಂದು ಗೊತ್ತಿರುತ್ತದೆಯೇ ಎಂಬುದು ಅವರ ಪ್ರಶ್ನೆ.

ಮಳೆಗಾಲ ಮುಗಿಯುವ ಹೊತ್ತಿಗೆ, ಹೀಗೆ ಕೆಲವು ಗುಡುಗುಗಳು ಬಂದುಹೋದ ಮೇಲೆ, ಅಮ್ಮನ ಕಿವಿ ಮಂದವಾಯಿತು. ಹಾಗೆಂದು ನಾವು ತೀರ್ಮಾನಿಸಿದೆವು.

“ಈ ಸೊಸೆ ಬಾಯಿ ತೆರೆದರೆ ಢಂ ಅಂತ ಆಗ್ತದೆ, ಮಾತು ಬರುವುದಿಲ್ಲ,” ಎಂದು ಅಮ್ಮ ಧಾರಾವಾಹಿಯ ಸದ್ದು ಏರಿಸುತ್ತಿದ್ದಳು. ಮಾತು ಬರುತ್ತಿರಲಿಲ್ಲ, ಢಂ ದೊಡ್ಡದಾಗುತ್ತಿತ್ತು. ಅಡಿಗೆಮನೆಯ ಸ್ಟೀಲಿನ ಲೋಟಗಳು ನಡುಗುತ್ತಿದ್ದವು.

“ಪಡುಬಿದ್ರಿವರೆಗೆ ಕೇಳ್ತಾ ಉಂಟು ಮಾರಾಯ್ತಿ, ನಿನಗೊಬ್ಬಳಿಗೆ ಇಲ್ಲ,” ಎಂದರು ಅಪ್ಪ.

ಉಳಿದ ನಮಗೆ ಯಾವ ತಕರಾರೂ ಇರಲಿಲ್ಲವಲ್ಲ, ಅದೇ ಸಾಕ್ಷಿ. ಅಪ್ಪ ನೋಡುವುದು ಕ್ರಿಕೆಟ್. ನಾನು ನೋಡುವುದು ಮಲಯಾಳಂ ಸಿನಿಮಾ, ಕೆಳಗೆ ಬರುವ ಸಾಲುಗಳನ್ನು ಓದುತ್ತ.

ಅಕ್ಕ ಫೋನಿನಲ್ಲೇ ಮಣಿಪಾಲದ ಕಿವಿ ಡಾಕ್ಟರ ಅಪಾಯಿಂಟ್‌ಮೆಂಟ್ ಮಾಡಿಸಿದಳು, ಸೋಮವಾರಕ್ಕೆ. ಅಂದಿನಿಂದ ನಾವು ಅಮ್ಮನ ಹತ್ತಿರ ಜೋರಾಗಿ ಮಾತಾಡತೊಡಗಿದೆವು. ಜೋರಾಗಿ ಮಾತಾಡುವುದು ಆಯಾಸದ ಕೆಲಸ. ಹಾಗಾಗಿ ಕಡಿಮೆ ಮಾತಾಡತೊಡಗಿದೆವು. ನೆಂಟರ ಮನೆಯ ಸುದ್ದಿ, ಮೀನಿನ ರೇಟು, ಯಾರದೋ ಮದುವೆ ಮುರಿದದ್ದು, ಎಲ್ಲ ಅವಳಿಗೆ ಆಮೇಲೆ ಹೇಳಿದರಾಯಿತು.

“ಕಿವಿಗೆ ಮೆಷಿನ್ ಬಿತ್ತು ಅಂದರೆ ಮತ್ತೆ ಈ ಮನೆಯಲ್ಲಿ ನನಗೆ ಯಾರೂ ಎಂತದೂ ಹೇಳುವುದಿಲ್ಲ,” ಎಂದು ಅಮ್ಮ ಒಂದು ದಿನ ತೆಂಗಿನಕಾಯಿ ತುರಿಯುತ್ತ ಹೇಳಿದಳು. ನಾನು ಏನೋ ಸಮಾಧಾನ ಹೇಳಿದೆ. ಜೋರಾಗಿ ಹೇಳಿದೆ.

ಭಾನುವಾರ ಅಕ್ಕ ಬಂದಳು. ಅಮ್ಮನ ಮುಖ ನೋಡಿ, “ಹೆದರಲಿಕ್ಕೆ ಎಂತ ಉಂಟು? ಸದ್ದು ಕೇಳಿದರೆ ಕೈ ಎತ್ತುವುದು, ಅಷ್ಟೆ. ಒಮ್ಮೆ ಇಲ್ಲೇ ಅಭ್ಯಾಸ ಮಾಡುವ,” ಎಂದು ಹೋಂ ಥಿಯೇಟರಿನ ರಿಮೋಟ್ ಎತ್ತಿಕೊಂಡಳು. ಅದರಲ್ಲೊಂದು ಟೆಸ್ಟ್ ಗುಂಡಿ ಉಂಟು. ಒತ್ತಿದರೆ ಒಂದೊಂದೇ ಸ್ಪೀಕರಿನಿಂದ ಸರದಿಯಲ್ಲಿ ‘ಶ್ಶ್’ ಎಂಬ ಸದ್ದು ಹೊರಡುತ್ತದೆ. ಈಗ ಯಾವುದರ ಸರದಿ ಎಂದು ಯಂತ್ರದ ಸಣ್ಣ ಕಿಟಕಿಯಲ್ಲಿ ಅಕ್ಷರ ಮೂಡುತ್ತದೆ.

“ನಾನೊಬ್ಬಳೇ ಎಂತಕ್ಕೆ? ಎಲ್ಲರೂ ಎತ್ತಿ,” ಎಂದಳು ಅಮ್ಮ.

ಎಡದ್ದು ಶ್ಶ್ ಎಂದಿತು. ನಾಲ್ಕು ಕೈ. ಟಿವಿಯ ಕೆಳಗೆ ಮಲಗಿದ ನಡುವಿನದರ ಸರದಿ ಬಂತು. ಮೂರು ಕೈ. ಅಮ್ಮನ ಕೈ ಮಡಿಲಲ್ಲೇ ಇತ್ತು.

“ಕಂಡೆಯಾ!” ಅಪ್ಪ ಅಕ್ಕನ ಕಡೆ ತಿರುಗಿದರು.

“ಎಂತ ಕಾಣುವುದು?” ಎಂದಳು ಅಮ್ಮ. “ಅದು ಬಾಯಿಯೇ ಬಿಡಲಿಲ್ಲ. ನೀವೆಲ್ಲ ಅಕ್ಷರ ನೋಡಿ ಕೈ ಎತ್ತಿದ್ದು. ಈಗ ಮೂವರೂ ಕಣ್ಣು ಮುಚ್ಚಿ. ನಾನು ನೋಡ್ತೇನೆ.”

ಮುಚ್ಚಿದೆವು. ಎಡದ್ದು ಕೇಳಿತು, ಎತ್ತಿದೆ. ಆಮೇಲೆ ಏನೂ ಇಲ್ಲ. ಆಮೇಲೆ ಬಲದ್ದು.

“ನಡುವಿನದಕ್ಕೆ ಮಕ್ಕಳು ಎತ್ತಲಿಲ್ಲ,” ಎಂದು ಅಮ್ಮ ಫಲಿತಾಂಶ ಓದಿದಳು. “ಇವರು ಅರ್ಧ ಎತ್ತಿದರು.”

“ನನಗೆ ತುರಿಕೆ ಆಗಿತ್ತು,” ಎಂದರು ಅಪ್ಪ.

ನಿಜ ಹೇಳಬೇಕೆಂದರೆ ಮೊದಲ ಸುತ್ತಿನಲ್ಲಿ ನಡುವಿನದರಿಂದ ಬಂದ ಶ್ಶ್ ನನಗೆ ಈಗಲೂ ನೆನಪಿದೆ, ಎಡದ್ದಕ್ಕಿಂತ ಸ್ವಲ್ಪ ಮೃದು. ಹೊರಡದ ಸದ್ದು ಇಷ್ಟು ಸ್ಪಷ್ಟವಾಗಿ ನೆನಪಿರುವವನು ಉಳಿದದ್ದನ್ನು ಎಷ್ಟು ಸರಿಯಾಗಿ ಬರೆದಾನು?

ಮಾತುಗಳೆಲ್ಲ ಬರುವುದು ಆ ನಡುವಿನ ಸ್ಪೀಕರಿನಿಂದ. ಅದು ಸುಮ್ಮನಿದ್ದರೆ ಸಂಗೀತ ಉಳಿಯುತ್ತದೆ, ಮನುಷ್ಯರು ಹೋಗುತ್ತಾರೆ. ಅಪ್ಪ ಸ್ಕೋರು ಓದುತ್ತಿದ್ದರು, ನಾನು ಸಂಭಾಷಣೆ ಓದುತ್ತಿದ್ದೆ. ಮನೆಯಲ್ಲಿ ಟಿವಿ ಕೇಳುತ್ತಿದ್ದವಳು ಅಮ್ಮ ಒಬ್ಬಳೇ.

ಶೋಕೇಸಿನ ಹಿಂದೆ ತಲೆ ತೂರಿಸಿದೆ. ಉಳಿದ ವಯರುಗಳೆಲ್ಲ ತಮ್ಮ ತೂತುಗಳಲ್ಲಿದ್ದವು. ಒಂದು ಮಾತ್ರ ಜೇಡರ ಬಲೆಯ ನಡುವೆ ಬಿದ್ದಿತ್ತು, ಸಮುದ್ರದ ಗಾಳಿಗೆ ತುದಿಯ ತಾಮ್ರ ಹಸಿರಾಗಿತ್ತು.

“ಇಲಿ ಎಳೆದದ್ದು,” ಎಂದರು ಅಪ್ಪ.

“ಇಲಿಗೂ ಗುಡುಗಿನ ಹೆದರಿಕೆ ಉಂಟಾ ಅಪ್ಪ?” ಅಕ್ಕ ಕೇಳಿದಳು.

ಚೂರಿಯಿಂದ ಹಸಿರು ಕೆರೆದು, ಕೆಂಪು ವಯರನ್ನು ಕೆಂಪಿಗೆ, ಕಪ್ಪನ್ನು ಕಪ್ಪಿಗೆ ಸಿಕ್ಕಿಸಿದೆ. ಅಕ್ಕ ಧಾರಾವಾಹಿ ಹಾಕಿದಳು. ಸದ್ದನ್ನು ಹಿಂದಿನ ದಿನ ಏರಿಸಿದಲ್ಲೇ ಬಿಟ್ಟಿದ್ದೆವು. ಇಷ್ಟು ದಿನ ಬಾಯಿ ಮಾತ್ರ ಆಡಿಸಿದ್ದ ಆ ಸೊಸೆ ಒಮ್ಮೆಲೇ ಅತ್ತೆಯ ಮೇಲೆ ಕಿರುಚಿದ್ದಕ್ಕೆ ಪಕ್ಕದ ಮನೆಯವರು ಅಂಗಳಕ್ಕೆ ಬಂದರು.

“ಸಣ್ಣ ಮಾಡು ಮಾರಾಯ,” ಎಂದಳು ಅಮ್ಮ. “ನನಗೆ ಕಿವಿ ಕೇಳ್ತದೆ.”

ಅಪ್ಪ “ಅಪಾಯಿಂಟ್‌ಮೆಂಟ್ ಉಂಟಲ್ಲ, ಸುಮ್ಮನೆ ಹಾಳಾಗ್ತದೆ,” ಎಂದರು.

“ನೀವು ಹೋಗಿ. ಇಲ್ಲದ ಸದ್ದು ಕೇಳುವವರಿಗೆ ಮದ್ದು ಉಂಟಾ ಕೇಳಿ.”

ಈಗ ಇಲ್ಲಿ ನನಗೊಂದು ಗುಡುಗು ಬೇಕು. ನನ್ನ ನೆನಪು ಅದನ್ನು ಅದೇ ಸಂಜೆಗೆ ತಂದು ಇಡುತ್ತದೆ. ಅಲ್ಲ, ಅದು ಮುಂದಿನ ವಾರ ಎನ್ನುತ್ತಾಳೆ ಅಕ್ಕ; ಹಾಗಾದರೆ ಆಗ ಅವಳು ಕಾರ್ಕಳದಲ್ಲಿದ್ದಳು, ಅವಳಿಗೆ ಹೇಗೆ ಗೊತ್ತು? ಯಾವತ್ತಾದರೂ ಆಗಲಿ, ಟಿವಿ ಓಡುತ್ತಿತ್ತು, ಅಮ್ಮ ತಲೆಯೆತ್ತಿ “ಗುಡುಗಿತು” ಎಂದಳು. ನನಗೇನೂ ಕೇಳಿಸಿರಲಿಲ್ಲ. ಅಪ್ಪ ಎದ್ದರು, ಶೋಕೇಸಿನ ಹಿಂದೆ ಕೈ ಹಾಕಿದರು, ಹಾಕಿದ ಕೈ ಅಲ್ಲೇ ನಿಂತಿತು.

“ಎಳೆಯುವುದಾ?” ಎಂದು ಕೇಳಿದರು. ಮೆಲ್ಲಗೆ ಕೇಳಿದರು, ಎಂದಿನ ದನಿಯಲ್ಲಿ.

ಅಮ್ಮ ಕಿವಿಗೊಟ್ಟಳು.

“ಇನ್ನೂ ದೂರ ಉಂಟು. ಕೂತ್ಕೊಳ್ಳಿ.”

ಅಪ್ಪ ಬಂದು ಕೂತರು.